ಸಣ್ಣ ಕಾರಿನ ಮೈಲೇಜ್ ಮತ್ತು ಡಿಸ್‌ಪ್ಲೇಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ತಿರದವ. ಒಂದು ಲೀಟರ್ ಇಂಜಿನ್‌ನ ಸಣ್ಣ ಹ್ಯಾಚ್‌ಬ್ಯಾಕ್ ಉಂಟು, ಕೆಎಲ್ 14 ನಂಬರಿನದ್ದು, ಅದು ಮನೆಗೆ ಬಂದ ದಿವಸದಿಂದ ಹಾಕಿದ ಪೆಟ್ರೋಲಿನ ಲೆಕ್ಕ ಪೂರ್ತಿ ಡ್ಯಾಶ್‌ಬೋರ್ಡಿನ ಒಳಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ತಾರೀಕು, ಕಿಲೋಮೀಟರ್, ಲೀಟರ್, ಬಂಕ್, ಆ ಹೊತ್ತಿಗೆ ಕಾರಿನ ಡಿಸ್‌ಪ್ಲೇಯಲ್ಲಿ ಮೈಲೇಜ್ ಎಷ್ಟು ಇತ್ತು, ಅಷ್ಟೆ. ಇದು ಗೊತ್ತಾದ ಮೇಲೆ ಮದುವೆ ಊಟದ ಪಂಕ್ತಿಯಲ್ಲಿ, ಯಕ್ಷಗಾನದ ಚೌಕಿಯ ಹಿಂದೆ, ಪುತ್ತೂರಿನ ಅಡಿಕೆ ಅಂಗಡಿಯಲ್ಲಿ, ಎಲ್ಲಿ ಸಿಕ್ಕಿದ್ರೂ ಜನ ಇದನ್ನೇ ಕೇಳ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಹಾಕಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ತಲೆ ತಿನ್ನುವಂಥದ್ದು ಕೊನೆಗೆ.

## ಮೊದಲು ಗೊತ್ತಿರಬೇಕಾದ್ದು

ಕಂಪೆನಿಯವರು 24 ಹೇಳಿದ್ದು, ನಂಗೆ ಸಿಗೂದು 17. ಇದು ಮೋಸ ಅಲ್ವಾ ಮಾರಾಯ್ರೆ?

ಮೋಸ ಅಲ್ಲ, ಆದ್ರೆ ಆ ಅಂಕಿ ನಿಮ್ಮ ರಸ್ತೆಯದ್ದೂ ಅಲ್ಲ. ಬ್ರೋಷರಿನಲ್ಲಿ ಬರುವ ಮೈಲೇಜ್ ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷೆಯ ಲ್ಯಾಬಿನಲ್ಲಿ ಅಳತೆ ಮಾಡಿದ್ದು. ಕಾರನ್ನು ರೋಲರಿನ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಮೊದಲೇ ನಿಗದಿ ಮಾಡಿದ ಒಂದು ಸೈಕಲ್, ಅಂದ್ರೆ ಯಾವ ಹೊತ್ತಿಗೆ ಎಷ್ಟು ಸ್ಪೀಡ್ ಅನ್ನುವ ಪಟ್ಟಿಯ ಪ್ರಕಾರ ಓಡಿಸ್ತಾರೆ. ಆ ಸೈಕಲ್ ಒಟ್ಟು 1180 ಸೆಕೆಂಡ್, ಅಂದ್ರೆ ಇಪ್ಪತ್ತು ನಿಮಿಷವೂ ಇಲ್ಲ, ದೂರ ಹತ್ತೂವರೆ ಕಿಮೀ ಚಿಲ್ಲರೆ, ಸ್ಪೀಡ್ 90 ದಾಟೂದಿಲ್ಲ, ಸ್ಪೀಡ್ ಏರಿಸೂದು ಕೂಡಾ ಭಾರೀ ಮೆಲ್ಲ. ಅಲ್ಲಿ ಬೋವಿಕ್ಕಾನದ ಏರು ಇಲ್ಲ, ಕುಂಬಳೆಯ ಸರ್ವಿಸ್ ರೋಡಿನಲ್ಲಿ ಲಾರಿಯ ಹಿಂದೆ ಫಸ್ಟ್ ಗೇರಿನಲ್ಲಿ ಕೂರೂದು ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ಒಂದು ಗೋಣಿ ತೆಂಗಿನಕಾಯಿ ಇಲ್ಲ.

ಆ ಅಂಕಿಯ ಉಪಯೋಗ ಎಂತ ಅಂದ್ರೆ ಎರಡು ಕಾರನ್ನು ಹೋಲಿಸ್ಲಿಕ್ಕೆ, ಯಾಕೆಂದ್ರೆ ಎಲ್ಲದಕ್ಕೂ ಒಂದೇ ಪರೀಕ್ಷೆ. ಯುರೋಪಿನಲ್ಲಿ ಇದಕ್ಕಿಂತ ಕಷ್ಟದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ಮಾಡ್ತಾರೆ, ಅದು 30 ನಿಮಿಷದ್ದು, ಸ್ಪೀಡ್ 131ರವರೆಗೆ ಹೋಗ್ತದೆ. ಅಷ್ಟಾದ್ರೂ ಕಾರುಗಳ ಒಳಗಿನ ಮೀಟರಿಂದ ಸಂಗ್ರಹ ಮಾಡಿದ ನಿಜ ಲೆಕ್ಕ ನೋಡಿದ್ರೆ ಪೆಟ್ರೋಲ್ ಕಾರುಗಳು ಹೇಳಿದ್ದಕ್ಕಿಂತ 20 ಪರ್ಸೆಂಟಿಗಿಂತ ಜಾಸ್ತಿಯೇ ಕುಡೀತವೆ ಅಂತ ಯುರೋಪಿಯನ್ ಕಮಿಷನ್ 2024ರಲ್ಲಿ ಹೇಳಿತು. ಹಾಗಿರುವಾಗ ನಮ್ಮಲ್ಲಿ ನಾಲ್ಕರಲ್ಲಿ ಒಂದಂಶ ಕಡಿಮೆ ಸಿಕ್ಕಿದ್ರೆ ಅದಕ್ಕೆ ಗಾಬರಿ ಬೇಡ.

ಸರಿಯಾದ ಮೈಲೇಜ್ ಲೆಕ್ಕ ಹಾಕೂದು ಹೇಗೆ, ಸುಲಭದಲ್ಲಿ ಹೇಳಿ

ಟ್ಯಾಂಕ್ ಫುಲ್ ಮಾಡಿ, ನೋಝಲ್ ತಾನಾಗಿ ಒಮ್ಮೆ ಕಟ್ ಆದ ಕೂಡ್ಲೆ ನಿಲ್ಲಿಸ್ಲಿಕ್ಕೆ ಹೇಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮತ್ತೆ ಮಾಮೂಲು ಓಡಿಸಿ, ಮುಕ್ಕಾಲು ಟ್ಯಾಂಕ್ ಖಾಲಿ ಆದ ಮೇಲೆ ಅದೇ ಬಂಕಿಗೆ ಬಂದು ಅದೇ ಪಂಪಿನ ಹತ್ರ, ಆದಷ್ಟು ಅದೇ ಜಾಗದಲ್ಲಿ ನಿಲ್ಲಿಸಿ ಪುನಃ ಒಂದು ಕಟ್‌ವರೆಗೆ ಹಾಕ್ಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿದ ಲೀಟರಿನಿಂದ ಭಾಗಿಸಿ, ಮುಗೀತು. ಮೊದಲ ಸಲ ಎಷ್ಟು ಲೀಟರ್ ಹಿಡಿಯಿತು ಅನ್ನೂದು ಲೆಕ್ಕಕ್ಕೆ ಬೇಡ, ಇಲ್ಲಿಯೇ ತುಂಬ ಜನ ತಪ್ಪೂದು.

ಅದೇ ಜಾಗ ಯಾಕೆ ಅಂದ್ರೆ, ನಮ್ಮ ಕಡೆ ಬಂಕಿನ ನೆಲ ಎಲ್ಲಾ ಕಡೆ ಸಮ ಇರೂದಿಲ್ಲ, ಕಾರು ಒಂದು ಬದಿಗೆ ವಾಲಿ ನಿಂತ್ರೆ ಅರ್ಧ ಲೀಟರ್ ಹಿಂದೆಮುಂದೆ ಆಗ್ಲಿಕ್ಕೆ ಕಷ್ಟ ಇಲ್ಲ. 25 ಲೀಟರ್ ಹಾಕಿದಾಗ ಅರ್ಧ ಲೀಟರ್ ಅಂದ್ರೆ 2 ಪರ್ಸೆಂಟ್ ತಪ್ಪು, ಅದೇ 5 ಲೀಟರ್ ಮಾತ್ರ ಹಾಕಿ ನೋಡಿದ್ರೆ ತಪ್ಪು 10 ಪರ್ಸೆಂಟ್. ಹಾಗಾಗಿ ಒಂದು ಟ್ಯಾಂಕ್ ನೋಡಿ ತೀರ್ಮಾನ ಮಾಡ್ಬೇಡಿ, ನಾಲ್ಕು ಟ್ಯಾಂಕಿನ ಕಿಮೀ ಕೂಡಿಸಿ ನಾಲ್ಕು ಟ್ಯಾಂಕಿನ ಲೀಟರಿಂದ ಭಾಗಿಸಿ. ಆಗ ಈ ಅರ್ಧ ಲೀಟರಿನ ಪಂಚಾತಿಕೆ ಕರಗಿ ಹೋಗ್ತದೆ.

ಕಟ್ ಆದ ಮೇಲೆ ಅಲ್ಲಾಡಿಸಿ ಅಲ್ಲಾಡಿಸಿ ರೌಂಡ್ ಫಿಗರ್ ಮಾಡೂದು ಬೇಡ. ಟ್ಯಾಂಕಿನ ಮೇಲ್ಭಾಗದಲ್ಲಿ ಹಬೆಗೆ ಅಂತ ಬಿಟ್ಟ ಜಾಗಕ್ಕೆ ಪೆಟ್ರೋಲ್ ನುಗ್ಗಿದ್ರೆ ಆ ಹಬೆಯನ್ನು ಹಿಡಿದಿಡುವ ಇದ್ದಿಲಿನ ಡಬ್ಬ ಒದ್ದೆ ಆಗಿ ಹಾಳಾಗ್ತದೆ.

ಸಾವಿರ ರೂಪಾಯಿಗೆ ಹಾಕಿ ಎಷ್ಟು ಓಡ್ತದೆ ನೋಡಿದ್ರೆ ಸಾಕಲ್ವಾ?

ಸಾಕಾಗೂದಿಲ್ಲ. ಸಾವಿರಕ್ಕೆ ಒಂಬತ್ತು ಚಿಲ್ಲರೆ ಲೀಟರ್ ಬರ್ತದೆ, "ಮುಳ್ಳು ಮೊದಲು ಇದ್ದಲ್ಲಿಗೇ ಬಂತು" ಅಂತ ನೀವು ಅಂದಾಜು ಮಾಡುವಾಗ ಒಂದು ಲೀಟರ್ ಆಚೀಚೆ ಆದ್ರೆ ಅಲ್ಲೇ 10 ಪರ್ಸೆಂಟ್ ಹೋಯ್ತು. ಖರ್ಚು ತಿಳೀಲಿಕ್ಕೆ ರೂಪಾಯಿ ಲೆಕ್ಕ ಒಳ್ಳೇದು, ಮೈಲೇಜ್ ತಿಳೀಲಿಕ್ಕೆ ಲೀಟರೇ ಬೇಕು.

ಡಿಸ್‌ಪ್ಲೇಯಲ್ಲಿ 21 ತೋರಿಸ್ತದೆ, ಲೆಕ್ಕ ಹಾಕಿದ್ರೆ 19.8. ಯಾವುದನ್ನು ನಂಬೂದು?

ಸರಿಯಾಗಿ ಲೆಕ್ಕ ಹಾಕಿದ್ದು ಹೌದಾದ್ರೆ 19.8ನ್ನು. ಡಿಸ್‌ಪ್ಲೇಗಳು ಸಾಮಾನ್ಯವಾಗಿ ಒಂದಿಷ್ಟು ಜಾಸ್ತಿಯೇ ಹೇಳ್ತವೆ, 5 ಪರ್ಸೆಂಟ್ ಆಸುಪಾಸು ಅಂದ್ರೆ ಅದು ಮಾಮೂಲು, 10ರ ಹತ್ತಿರ ಹೋಗುವ ಕಾರುಗಳೂ ಇವೆ. ನನ್ನದು 6 ಪರ್ಸೆಂಟ್ ಜಾಸ್ತಿ ಹೇಳ್ತದೆ. ಮಳೆಗಾಲ ಇರ್ಲಿ, ಏಪ್ರಿಲ್ ತಿಂಗಳಿನ ಉರಿ ಬಿಸಿಲು ಇರ್ಲಿ, ಹೆಚ್ಚುಕಮ್ಮಿ ಅದೇ 6. ಅದು ಹೇಳೂದು ತಪ್ಪು, ಆದ್ರೆ ಪ್ರತಿಸಲ ಒಂದೇ ಅಳತೆಯ ತಪ್ಪು. ಇದು ಸಣ್ಣ ವಿಷಯ ಅಲ್ಲ, ಕೊನೆಯ ಪ್ರಶ್ನೆಗೆ ಬರುವಾಗ ಇದು ಎಷ್ಟು ಉಪಕಾರಕ್ಕೆ ಬರ್ತದೆ ಅಂತ ಕಾಣ್ತದೆ.

ಇನ್ನೊಂದು, ನೀವು ಹೋಲಿಸುವ ಎರಡು ಅಂಕಿಯೂ ಒಂದೇ ಓಟದ್ದು ಆಗಿರ್ಬೇಕು. ಕೆಲವು ಕಾರಿನಲ್ಲಿ ಆವರೇಜ್ ಪೆಟ್ರೋಲ್ ಹಾಕಿದ ಕೂಡ್ಲೆ ತಾನೇ ರೀಸೆಟ್ ಆಗ್ತದೆ, ಕೆಲವದರಲ್ಲಿ ಟ್ರಿಪ್ ಮೀಟರ್ ಎ ಸೊನ್ನೆ ಮಾಡಿದ್ರೆ ಮಾತ್ರ, ಕೆಲವದರಲ್ಲಿ ಕೈಯಾರೆ ಮಾಡ್ಬೇಕು. ಪೆರ್ಲದ ನನ್ನ ಭಾವ ಒಬ್ಬರು ಎರಡು ವರ್ಷದಿಂದ ರೀಸೆಟ್ಟೇ ಮಾಡದ ಆವರೇಜನ್ನು ಹಿಡ್ಕೊಂಡು ಈ ತಿಂಗಳ ಟ್ಯಾಂಕಿನ ಜೊತೆ ಹೋಲಿಸಿ ಮಂಡೆಬಿಸಿ ಮಾಡ್ಕೊಂಡಿದ್ರು.

ರೇಂಜ್ 60 ಕಿಮೀ ಅಂತ ಇತ್ತು, ಇಪ್ಪತ್ತು ಕಿಮೀ ಹೋಗೂದರೊಳಗೆ ಬರೀ ಗೀಟು ಬಂತು. ಸೆನ್ಸರ್ ಹೋಯ್ತಾ?

ಹೋಗ್ಲಿಲ್ಲ. ರೇಂಜ್, ಅಂದ್ರೆ ಉಳಿದ ಪೆಟ್ರೋಲಿನಲ್ಲಿ ಇನ್ನೆಷ್ಟು ದೂರ ಹೋಗಬಹುದು ಅನ್ನೂದು, ಎರಡು ಅಂದಾಜಿನ ಗುಣಾಕಾರ: ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಅಂತ ತೇಲುವ ಫ್ಲೋಟ್ ಹೇಳ್ತದೆ, ಇತ್ತೀಚೆಗೆ ಹೇಗೆ ಓಡಿಸಿದ್ರಿ ಅಂತ ಕಂಪ್ಯೂಟರ್ ಹೇಳ್ತದೆ. ನೀವು ಮಂಗಳೂರಿಂದ ಹೈವೇಯಲ್ಲಿ ಬಂದು ಚೆರ್ಕಳದಲ್ಲಿ ತಿರುಗಿ ಜಾಲ್ಸೂರು ರಸ್ತೆಯ ಏರು ತಿರುವಿಗೆ ಬಿದ್ದಿದ್ದೀರಿ, ಅದು ಹೈವೇಯ ಲೆಕ್ಕದಲ್ಲೇ 60 ಅಂದಿತ್ತು. ಏರಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಫ್ಲೋಟ್ ಕೂಡಾ ಕೆಳಗೆ ಹೋಗ್ತದೆ. ಗೀಟು ಬರುವಾಗಲೂ ಸ್ವಲ್ಪ ಪೆಟ್ರೋಲ್ ಉಳಿದೇ ಇರ್ತದೆ, ಆದ್ರೆ ಅದನ್ನು ಪರೀಕ್ಷೆ ಮಾಡ್ಲಿಕ್ಕೆ ಹೋಗ್ಬೇಡಿ, ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇರೂದು, ಅದು ತಂಪಾಗೂದು ಆ ಪೆಟ್ರೋಲಿನಿಂದಲೇ.

## ದಿನನಿತ್ಯದ ಓಟ

ಮನೆಯಿಂದ ಪೇಟೆಗೆ 3 ಕಿಮೀ, ಅಷ್ಟೇ ಓಡಿಸೂದು. 12 ಸಹ ಬರೂದಿಲ್ಲ, ಯಾಕೆ?

ಕಾರು ಬಿಸಿ ಆಗುವ ಮೊದಲೇ ನೀವು ಇಳಿದು ಹೋಗ್ತೀರಿ, ಅದಕ್ಕೆ. ತಣ್ಣಗಿನ ಇಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡ್ತದೆ, ಆಯಿಲ್ ಮಂದ ಇರ್ತದೆ, ಗೇರ್‌ಬಾಕ್ಸಿನ ಎಣ್ಣೆಯಂತೂ ಇನ್ನೂ ಮಂದ. ಇದೆಲ್ಲಾ ಸರಿ ಆಗ್ಲಿಕ್ಕೆ ಐದಾರು ಕಿಮೀ ಬೇಕು. ಹಾಲು ಸೊಸೈಟಿಗೆ ಒಮ್ಮೆ, ರೇಷನ್ನಿಗೆ ಒಮ್ಮೆ, ಮಕ್ಕಳ ಟ್ಯೂಷನ್ನಿಗೆ ಒಮ್ಮೆ ಅಂತ ಮೂರು ಸಲ ತಣ್ಣಗೆ ಸ್ಟಾರ್ಟ್ ಮಾಡೂದರ ಬದಲು ಒಂದೇ ಸುತ್ತಿನಲ್ಲಿ ಮುಗಿಸಿದ್ರೆ ವ್ಯತ್ಯಾಸ ನಿಮಗೇ ಕಾಣ್ತದೆ. ಮತ್ತೆ ನಿಮ್ಮ ಮನೆ ರಸ್ತೆಯಿಂದ ಕೆಳಗೆ ತೋಟದ ಹತ್ರ ಇದ್ರೆ ತಣ್ಣಗಿನ ಇಂಜಿನ್‌ನಲ್ಲಿ ಮೊದಲ ಕೆಲಸವೇ ಫಸ್ಟ್ ಗೇರಿನಲ್ಲಿ ಏರು ಹತ್ತೂದು, ನಮ್ಮ ಅರ್ಧ ಊರಿನ ಕಥೆ ಇದುವೇ.

ಎಸಿ ಹಾಕಿದ್ರೆ ಎಷ್ಟು ಕಮ್ಮಿ ಆಗ್ತದೆ?

ಸಣ್ಣ ಕಾರಿನಲ್ಲಿ 10ರಿಂದ 15 ಪರ್ಸೆಂಟ್ ಅಂತ ಇಟ್ಕೊಳ್ಳಿ, ಮೆಲ್ಲ ಹೋಗುವಾಗ ಇನ್ನೂ ಜಾಸ್ತಿ. ಸಮತಟ್ಟು ರಸ್ತೆಯಲ್ಲಿ ಅರುವತ್ತರಲ್ಲಿ ಹೋಗ್ಲಿಕ್ಕೆ ಇಂಥ ಕಾರಿಗೆ ಬೇಕಾಗೂದು ಬರೀ ನಾಲ್ಕೈದು ಕಿಲೋವ್ಯಾಟ್ ಶಕ್ತಿ, ಎಸಿ ಕಂಪ್ರೆಸರ್ ಜೋರಾಗಿ ಓಡುವಾಗ ಒಂದೂವರೆ ಎರಡು ಕಿಲೋವ್ಯಾಟ್ ತಿಂತದೆ. ದೊಡ್ಡ ಇಂಜಿನ್‌ನ ಕಾರಿಗೆ ಇದು ಗೊತ್ತೇ ಆಗೂದಿಲ್ಲ, ನಮಗೆ ಗೊತ್ತಾಗ್ತದೆ. ಹಾಗಂತ ಮೇ ತಿಂಗಳಲ್ಲಿ ಸಣ್ಣ ಮಕ್ಕಳನ್ನು ಕೂರಿಸ್ಕೊಂಡು ಎಸಿ ಹಾಕದೆ ಬೇಯಿಸ್ಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗ್ಲಾಸ್ ಇಳಿಸಿ ಎರಡು ನಿಮಿಷ ಓಡಿಸಿ, ಬಿಸಿಗಾಳಿ ಹೊರಗೆ ಹೋದ ಮೇಲೆ ಎಸಿ ಹಾಕಿದ್ರೆ ಅದರ ಕೆಲಸ ಕಡಿಮೆ ಆಗ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳೀತದೆ ಅಂತ ಅಪ್ಪ ಹೇಳ್ತಾರೆ

ಅಪ್ಪನ ಕಾಲದ ಕಾರ್ಬುರೇಟರ್ ಕಾರಿಗೆ ಅದು ಸರಿ ಇತ್ತು. ಈಗಿನ ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಕಂಪ್ಯೂಟರ್ ಪೆಟ್ರೋಲ್ ಪೂರ್ತಿ ಬಂದ್ ಮಾಡ್ತದೆ, ಚಕ್ರವೇ ಇಂಜಿನ್ ತಿರುಗಿಸ್ತದೆ. ಆಗ ಡಿಸ್‌ಪ್ಲೇಯಲ್ಲಿ ಆ ಕ್ಷಣದ ಮೈಲೇಜ್ ಕೊನೆಯ ಅಂಕಿಗೆ ಹೋಗಿ ನಿಲ್ತದೆ ನೋಡಿ, ಅದು ಸುಳ್ಳಲ್ಲ, ನಿಜವಾಗಿಯೂ ಆ ಹೊತ್ತಿನಲ್ಲಿ ಒಂದು ಹನಿ ಹೋಗೂದಿಲ್ಲ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಬಂದ್ ಆಗದ ಹಾಗೆ ಅದಕ್ಕೆ ಪೆಟ್ರೋಲ್ ಕೊಡ್ಲೇಬೇಕು, ಒಂದು ಲೀಟರ್ ಇಂಜಿನ್ ಐಡಲ್‌ನಲ್ಲಿ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಮೇಲೆಯೇ ಕುಡೀತದೆ.

ಪೆಟ್ರೋಲಿನ ಮಾತು ಬಿಡಿ, ಪಾಣತ್ತೂರಿಂದ ಕರಿಕೆ ಕಡೆಯ ಘಾಟಿಯಲ್ಲಿ, ಸಂಪಾಜೆ ಘಾಟಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಯೂದು ಜೀವಕ್ಕೆ ಅಪಾಯ, ಇಂಜಿನ್ ಹಿಡಿಯೂದಿಲ್ಲ, ಬ್ರೇಕ್ ಮಾತ್ರ ಹಿಡಿದು ಹಿಡಿದು ಕಾದು ಕೊನೆಗೆ ಕಚ್ಚೂದೇ ಇಲ್ಲ. ದಯವಿಟ್ಟು ಮಾಡ್ಬೇಡಿ, ಅಪ್ಪನಿಗೂ ಹೇಳಿ.

ಹೊಸ ಆರು ಲೇನ್ ರಸ್ತೆ ಆಯ್ತು, ಆದ್ರೂ ಮೈಲೇಜ್ ಏರ್ಲಿಲ್ಲ, ಎಂತಕ್ಕೆ?

ನೀವು ಸ್ಪೀಡ್ ಏರಿಸಿದ್ರಿ. ಗಾಳಿಯ ತಡೆ ಸ್ಪೀಡಿನ ವರ್ಗದಲ್ಲಿ ಏರ್ತದೆ, 80ರಿಂದ 100ಕ್ಕೆ ಹೋದ್ರೆ ಆ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹಳೇ ಹೈವೇಯಲ್ಲಿ ಲಾರಿ ಹಿಂದೆ ಅರುವತ್ತರಲ್ಲಿ ಟಾಪ್ ಗೇರಿನಲ್ಲಿ ಹೋಗ್ತಾ ಇದ್ದಾಗ ಸಣ್ಣ ಕಾರಿಗೆ ಅದುವೇ ಅತಿ ಹೆಚ್ಚು ಮೈಲೇಜ್ ಕೊಡುವ ಓಟ. ತಲಪಾಡಿಯಿಂದ ಚೆಂಗಳದವರೆಗೆ 70-75ರಲ್ಲಿ ಒಂದು ಸಲ, 100ರಲ್ಲಿ ಒಂದು ಸಲ ಹೋಗಿ ನೋಡಿ, ಉಳಿಯೂದು ಎಂಟು ಹತ್ತು ನಿಮಿಷ, ಮೈಲೇಜ್ ಮಾತ್ರ ನೋಡಿದ್ರೆ ಗೊತ್ತಾಗುವಷ್ಟು ಇಳಿದಿರ್ತದೆ.

ತಲಪಾಡಿ ಆಚೆ ಹೋಗಿ ಹಾಕ್ಸಿದ್ರೆ ಲಾಭ ಉಂಟಾ?

ಆ ದಾರಿಯಲ್ಲಿ ಹೇಗೂ ಹೋಗೂದಿದ್ರೆ ಉಂಟು. ಕೇರಳದಲ್ಲಿ 2023ರ ಏಪ್ರಿಲಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಸುರಕ್ಷಾ ಸೆಸ್ ಕೂಡಾ ಸೇರಿತು, ತಲಪಾಡಿಯಲ್ಲಿ ಗಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಕೆಲವು ರೂಪಾಯಿ ಕಡಿಮೆಗೆ ಸಿಗ್ತದೆ. ಆದ್ರೆ ಅದಕ್ಕೆ ಅಂತಲೇ ಹೋಗೂದು ನಷ್ಟ. ಲೀಟರಿಗೆ 4 ರೂಪಾಯಿ ಉಳೀತದೆ ಅಂತ ಇಟ್ಕೊಳ್ಳಿ, 30 ಲೀಟರಿಗೆ 120 ರೂಪಾಯಿ. ಕುಂಬಳೆಯಿಂದ ಹೋಗಿ ಬರ್ಲಿಕ್ಕೆ ನಲುವತ್ತು ಕಿಮೀಗಿಂತ ಜಾಸ್ತಿ, ಅಂದ್ರೆ ಎರಡು ಲೀಟರಿಗಿಂತ ಮೇಲೆ ಪೆಟ್ರೋಲ್, ಇನ್ನೂರು ರೂಪಾಯಿ ಅಲ್ಲಿಗೇ ಹೋಯ್ತು. ಉಪ್ಪಳ, ಮಂಜೇಶ್ವರದವರಿಗೆ ಈ ಲೆಕ್ಕ ಬೇರೆ, ಅವರಿಗೆ ಅದು ಮನೆ ಬಾಗಿಲು.

ಬಂಕಿನವರು ಕಡಿಮೆ ಹಾಕ್ತಾರಾ ಅಂತ ಸಂಶಯ. ತಿಳಿಯೂದು ಹೇಗೆ?

ಸಂಶಯ ಇಟ್ಕೊಂಡು ಊರಿಡೀ ಹೇಳೂದಕ್ಕಿಂತ ಅಲ್ಲೇ ಕೇಳಿ. ಪ್ರತಿ ಬಂಕಿನಲ್ಲಿ ಸೀಲ್ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರ್ಬೇಕು, ಗಿರಾಕಿ ಕೇಳಿದ್ರೆ ಅದಕ್ಕೆ ಹಾಕಿ ತೋರಿಸ್ಬೇಕು. 5 ಲೀಟರಿಗೆ 25 ಮಿಲಿ ಆಚೀಚೆ ಆಗ್ಲಿಕ್ಕೆ ಅನುಮತಿ ಉಂಟು, ಅಂದ್ರೆ ಅರ್ಧ ಪರ್ಸೆಂಟ್. ಅದಕ್ಕಿಂತ ಹೆಚ್ಚು ಕಡಿಮೆ ಬಂದ್ರೆ ಲೀಗಲ್ ಮೆಟ್ರಾಲಜಿಯವರಿಗೆ, ನಾವು ಮೊದಲು ಅಳತೆ ತೂಕದವರು ಅಂತ ಹೇಳ್ತಿದ್ದ ಇಲಾಖೆಗೆ, ದೂರು ಕೊಡಿ. ನಾನು ಒಮ್ಮೆ ಹೀಗೆ ಕೇಳಿದಾಗ ಮೊದಲು ಮುಖ ಸಿಂಡರಿಸಿದ್ರು, ಆದ್ರೆ ತೋರಿಸಿದ್ರು, ಅಳತೆ ಸರಿಯಾಗಿಯೇ ಇತ್ತು.

ಬೆಳಿಗ್ಗೆ ಬೇಗ ಹಾಕಿದ್ರೆ ಜಾಸ್ತಿ ಬರ್ತದೆ ಅನ್ನೂದೂ ಇದರ ಜೊತೆಗೇ ಕೇಳ್ತಾರೆ. ಪೆಟ್ರೋಲ್ 10 ಡಿಗ್ರಿ ಬಿಸಿ ಏರಿದ್ರೆ ಸುಮಾರು 1 ಪರ್ಸೆಂಟ್ ಹಿಗ್ಗೂದು ಹೌದು, ಆದ್ರೆ ಬಂಕಿನ ಟ್ಯಾಂಕ್ ಇರೂದು ನೆಲದ ಅಡಿಯಲ್ಲಿ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸವೇ ಇಲ್ಲ. ನಿದ್ದೆ ಹಾಳು ಮಾಡ್ಬೇಡಿ.

ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಮೈಲೇಜ್ ಬಿತ್ತು, ನಿಜವಾ ಅಥವಾ ನಮ್ಮ ಭ್ರಮೆಯಾ?

ಸ್ವಲ್ಪ ಬೀಳೂದು ನಿಜ, ಎಷ್ಟು ಅನ್ನೂದರಲ್ಲಿ ಜನ ಉತ್ಪ್ರೇಕ್ಷೆ ಮಾಡ್ತಾರೆ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡಂಶ ಮಾತ್ರ. ಹಾಗಾಗಿ 20 ಪರ್ಸೆಂಟ್ ಎಥನಾಲ್ ಸೇರಿದ್ರೆ ಶುದ್ಧ ಪೆಟ್ರೋಲಿಗಿಂತ ಆರೇಳು ಪರ್ಸೆಂಟ್ ಶಕ್ತಿ ಕಡಿಮೆ. ಆದ್ರೆ ನಾವು ಅದರ ಮೊದಲು ಹಾಕ್ತಿದ್ದದ್ದು ಶುದ್ಧ ಪೆಟ್ರೋಲ್ ಅಲ್ಲ, 10 ಪರ್ಸೆಂಟ್ ಎಥನಾಲ್ ಇರುವ ಇ10, ಅದರ ಎದುರು ನೋಡಿದ್ರೆ ಇಳಿಕೆ ಮೂರು ಮೂರೂವರೆ ಪರ್ಸೆಂಟ್. 18 ಕೊಡುವ ಕಾರು ಹದಿನೇಳೂವರೆಗಿಂತ ಸ್ವಲ್ಪ ಕೆಳಗೆ ಬರಬಹುದು. 18 ಇದ್ದದ್ದು 14 ಆಯ್ತು ಅಂದ್ರೆ ಅದರಲ್ಲಿ ಎಥನಾಲಿನ ಪಾಲು ಸಣ್ಣದು, ಉಳಿದದ್ದಕ್ಕೆ ಕಾರಿನಲ್ಲಿ ಹುಡುಕ್ಬೇಕು. ನನ್ನ ಬೇಸರ ಬೇರೆ: ಶಕ್ತಿ ಕಡಿಮೆ ಇರುವ ಪೆಟ್ರೋಲಿಗೆ ಲೀಟರಿನ ಕ್ರಯ ಕಡಿಮೆ ಆಗ್ಲಿಲ್ಲ, ಹಳೇ ಕಾರಿನವರಿಗೆ ಬಂಕಿನಲ್ಲಿ ಬೇರೆ ಆಯ್ಕೆಯೂ ಉಳಿದಿಲ್ಲ. 2023ರ ಮೊದಲಿನ ಕಾರಾದ್ರೆ ಮ್ಯಾನುವಲ್ಲಿನಲ್ಲಿ, ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿ ಎಷ್ಟರವರೆಗೆ ಅಂತ ಬರೆದಿದೆ ನೋಡ್ಕೊಳ್ಳಿ.

## ಇನ್ನೂ ಒಳಗೆ ಹೋದ್ರೆ

ಪೆಟ್ರೋಲ್ ಎಷ್ಟು ಖರ್ಚಾಯ್ತು ಅಂತ ಕಂಪ್ಯೂಟರಿಗೆ ಗೊತ್ತಾಗೂದು ಹೇಗೆ? ಪೈಪಿನಲ್ಲಿ ಮೀಟರ್ ಉಂಟಾ?

ಇಲ್ಲ, ಇದುವೇ ಎಲ್ಲದಕ್ಕೂ ಮೂಲ. ಸಣ್ಣ ಕಾರಿನಲ್ಲಿ ಪೆಟ್ರೋಲನ್ನು ಯಾರೂ ಅಳೆಯೂದಿಲ್ಲ, ಲೆಕ್ಕ ಹಾಕ್ತಾರೆ ಅಷ್ಟೆ. ಇಂಜೆಕ್ಟರ್ ಅಂದ್ರೆ ಒಂದು ಪುಟ್ಟ ನಲ್ಲಿ, ಕಂಪ್ಯೂಟರ್ ಅದನ್ನು ಪ್ರತಿಸಲ ಕೆಲವು ಮಿಲಿಸೆಕೆಂಡ್ ತೆರೀತದೆ. ಇಷ್ಟು ಹೊತ್ತು ತೆರೆದ್ರೆ ಇಷ್ಟು ಪೆಟ್ರೋಲ್ ಅಂತ ಫ್ಯಾಕ್ಟರಿಯಲ್ಲಿ ಒಂದು ಅಂಕಿ ತುಂಬಿಸಿರ್ತಾರೆ, ತೆರೆದ ಹೊತ್ತನ್ನೆಲ್ಲಾ ಕೂಡಿಸಿ ಆ ಅಂಕಿಯಿಂದ ಗುಣಿಸಿದ್ರೆ ಲೀಟರ್ ಬಂತು. ತೋಟದ ನಲ್ಲಿ ಎಷ್ಟು ನಿಮಿಷ ಬಿಟ್ಟೆ ಅಂತ ನೋಡಿ ಟ್ಯಾಂಕಿಗೆ ಎಷ್ಟು ನೀರು ಹೋಯ್ತು ಅಂತ ಹೇಳಿದ ಹಾಗೆ. ನಿಮ್ಮ ಕಾರಿನ ಇಂಜೆಕ್ಟರ್ ಆ ಸರಾಸರಿ ಅಂಕಿಗಿಂತ ಒಂಚೂರು ಜಾಸ್ತಿ ಬಿಡುವಂಥದ್ದಾದ್ರೆ, ಅಥವಾ ಪೆಟ್ರೋಲಿನ ಪ್ರೆಷರ್ ಸ್ವಲ್ಪ ಹೆಚ್ಚಿದ್ರೆ, ನಿಜವಾಗಿ ಹೋದದ್ದು ಹೆಚ್ಚು, ಲೆಕ್ಕದಲ್ಲಿ ಕಡಿಮೆ, ಡಿಸ್‌ಪ್ಲೇ ಹೊಗಳ್ತದೆ. ಇಂಜೆಕ್ಟರ್ ಬಾಯಿಗೆ ಕಸ ಕಟ್ಟಿದ್ರೆ ಇದರ ಉಲ್ಟಾ: ಸಾಕಾಗುವಷ್ಟು ಪೆಟ್ರೋಲ್ ಬರ್ಲಿಕ್ಕೆ ಹೆಚ್ಚು ಹೊತ್ತು ತೆರೀಬೇಕಾಗ್ತದೆ, ಆಗ ಡಿಸ್‌ಪ್ಲೇ ನಿಜಕ್ಕಿಂತ ಕಡಿಮೆ ಹೇಳ್ತದೆ.

ಯುರೋಪಿನಲ್ಲಿ 2021ರಿಂದ ಎಲ್ಲಾ ಹೊಸ ಪೆಟ್ರೋಲ್ ಡೀಸೆಲ್ ಕಾರಿನೊಳಗೆ ಇಂಧನದ ಲೆಕ್ಕ ಇಡುವ ವ್ಯವಸ್ಥೆ ಕಡ್ಡಾಯ, ಅದು 5 ಪರ್ಸೆಂಟ್ ಒಳಗೆ ಸರಿ ಇರ್ಬೇಕು ಅಂತ ನಿಯಮ. ಅಂದ್ರೆ ಕಾನೂನಿನ ಕಣ್ಣಿನಲ್ಲಿ ಕೂಡಾ 5 ಪರ್ಸೆಂಟ್ ಆಚೀಚೆ ಒಪ್ಪಿಗೆ.

ಟೈರ್ ದೊಡ್ಡದು ಹಾಕಿದ ಮೇಲೆ ಮೈಲೇಜ್ ಕಮ್ಮಿ ಆಯ್ತು. ಟೈರೇ ಕಾರಣವಾ?

ಅರ್ಧ ಹೌದು, ಅರ್ಧ ಬರೀ ಕಾಣೂದು. ದೂರವನ್ನು ಕಾರು ಚಕ್ರದ ಸುತ್ತು ಎಣಿಸಿ ಹೇಳೂದು, ಒಂದು ಸುತ್ತಿಗೆ ಇಷ್ಟು ಅಂತ ಒಂದೇ ಲೆಕ್ಕ. 165/70 ಆರ್14 ಟೈರಿನ ಎತ್ತರ ಸುಮಾರು 587 ಮಿಮೀ, 175/70 ಆರ್14 ಹಾಕಿದ್ರೆ ಅದು 601 ಆಗ್ತದೆ. 2.4 ಪರ್ಸೆಂಟ್ ದೊಡ್ಡದು, ಅಂದ್ರೆ ನೀವು 1000 ಕಿಮೀ ಹೋದಾಗ ಮೀಟರಿನಲ್ಲಿ 977 ಮಾತ್ರ ಬರ್ತದೆ, ಹೋದ ದೂರವೇ ಕಡಿಮೆ ಕಂಡ್ರೆ ಮೈಲೇಜೂ ಕಡಿಮೆ ಕಾಣ್ತದೆ. ಸವೆದ ಟೈರಿನಲ್ಲಿ ಇದರ ವಿರುದ್ಧ: ಹೊಸ ಟೈರಿಂದ 6 ಮಿಮೀ ಸವೆದ್ರೆ 2 ಪರ್ಸೆಂಟ್ ಸಣ್ಣ ಆಯ್ತು, ಮೀಟರ್ ಜಾಸ್ತಿ ತೋರಿಸ್ತದೆ. ಇದು ಗೊತ್ತಿಲ್ಲದೆ ಹೊಸ ಟೈರ್ ಹಾಕಿದ ಮೇಲೆ ಅಂಗಡಿಯವನನ್ನು ಬೈದವರು ಇದ್ದಾರೆ.

ನಿಮ್ಮ ಟ್ರಿಪ್ ಮೀಟರ್ ಎಷ್ಟು ಸರಿ ಅಂತ ತಿಳೀಲಿಕ್ಕೆ ಹೈವೇಯ ಕಿಲೋಮೀಟರ್ ಕಲ್ಲು ನೋಡಿ ಇಪ್ಪತ್ತು ಕಿಮೀ ಹೋಗಿ, ಅಥವಾ ಫೋನಿನ ಜಿಪಿಎಸ್ ಆನ್ ಮಾಡಿ ನೂರು ಕಿಮೀ. ಸ್ಪೀಡೋಮೀಟರನ್ನು ಇದಕ್ಕೆ ಹಿಡೀಬೇಡಿ, ಅದು ನಿಜಕ್ಕಿಂತ ಕಡಿಮೆ ತೋರಿಸ್ಬಾರದು ಅಂತ ನಿಯಮ ಇರೂದರಿಂದ ಬೇಕಂತಲೇ ಸ್ವಲ್ಪ ಜಾಸ್ತಿ ಇಟ್ಟಿರ್ತಾರೆ. ಓಡೋಮೀಟರಿಗೆ ಆ ಜಾಸ್ತಿ ಸೇರೂದಿಲ್ಲ.

ಮಡಿಕೇರಿಗೆ ಹೋಗುವಾಗ 12.5, ಬರುವಾಗ 25. ಸರಾಸರಿ ಹದಿನೆಂಟೂ ಮುಕ್ಕಾಲು ಅಲ್ವಾ?

ಅಲ್ಲ, 16.7. ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿಮೀ. ಹೋಗ್ಲಿಕ್ಕೆ 4 ಲೀಟರ್, ಬರ್ಲಿಕ್ಕೆ 2 ಲೀಟರ್, ಒಟ್ಟು 100 ಕಿಮೀಗೆ 6 ಲೀಟರ್. ಮೈಲೇಜಿನ ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸ್ಲಿಕ್ಕೆ ಇಲ್ಲ, ಯಾವಾಗಲೂ ಕಿಮೀ ಬೇರೆ ಕೂಡಿಸಿ, ಲೀಟರ್ ಬೇರೆ ಕೂಡಿಸಿ. ನೋಟ್‌ಬುಕ್ಕಿನ ತಿಂಗಳ ಸರಾಸರಿಯಲ್ಲಿ ಈ ತಪ್ಪು ನುಗ್ಗಿದ್ರೆ ನಿಮ್ಮ ಕಾರು ಯಾವಾಗಲೂ ನಿಜಕ್ಕಿಂತ ಒಳ್ಳೇದು ಅಂತ ಕಾಣ್ತದೆ.

ಹತ್ತೂದಕ್ಕೆ ಇಷ್ಟು ಯಾಕೆ ಅಂದ್ರೆ, ನಾಲ್ಕು ಜನ ಸೇರಿ 1100 ಕೆಜಿ ಆಗುವ ಕಾರನ್ನು ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರಕ್ಕೆ ಎತ್ತಬೇಕು. ಇಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲಂಶ ಚಿಲ್ಲರೆಯನ್ನು ಮಾತ್ರ ಕೆಲಸಕ್ಕೆ ತಿರುಗಿಸೂದು. ಲೆಕ್ಕ ಹಾಕಿದ್ರೆ ಬರೀ ಎತ್ತೂದಕ್ಕೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ಬೇಕು. ಅದರಲ್ಲಿ ಸ್ವಲ್ಪ ಇಳಿಯುವಾಗ ವಾಪಸ್ ಸಿಗ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗಿ ಹೋಗ್ತದೆ.

ಸಿಎನ್‌ಜಿಯಲ್ಲಿ 34 ಅಂತೆ, ಪೆಟ್ರೋಲಿನಲ್ಲಿ 24. ಹಾಗಾದ್ರೆ ಗ್ಯಾಸಿನಲ್ಲಿ ಇಂಜಿನ್ ಚೆನ್ನಾಗಿ ಓಡ್ತದಾ?

ಒಂದು ಕೆಜಿಯದ್ದು, ಇನ್ನೊಂದು ಲೀಟರಿನದ್ದು, ಅದಕ್ಕೆ ಹಾಗೆ ಕಾಣೂದು. ವ್ಯಾಗನ್‌ಆರ್ ಒಂದು ಲೀಟರ್ ಇಂಜಿನ್ನಿಗೆ ಕಂಪೆನಿಯ ಅಂಕಿ ಪೆಟ್ರೋಲ್ ಮ್ಯಾನುವಲ್ 24.35, ಸಿಎನ್‌ಜಿ 34.05. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. 24.35ನ್ನು ಕೆಜಿ ಲೆಕ್ಕಕ್ಕೆ ತಂದ್ರೆ 33ರ ಹತ್ತಿರ, ಎರಡೂ ಹತ್ತಿರ ಹತ್ತಿರ ಒಂದೇ. ಉಳಿತಾಯ ಆಗೂದು ಗ್ಯಾಸಿನ ಕ್ರಯದಲ್ಲಿ. ಕೊಚ್ಚಿ ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಒಳಗಿಂದಲೇ ಹೋಯ್ತಲ್ಲ, ಆಮೇಲೆ ಈ ಪ್ರಶ್ನೆ ಕೇಳುವವರು ಜಾಸ್ತಿ ಆದ್ರು. ಒಂದು ಎಚ್ಚರ: ಕೆಲವು ಸಿಎನ್‌ಜಿ ಕಾರು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಮತ್ತೆ ಗ್ಯಾಸಿಗೆ ತಿರುಗೂದು, ಆ ಪೆಟ್ರೋಲನ್ನೂ ಖರ್ಚಿನಲ್ಲಿ ಸೇರಿಸಿ.

ಒಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಮಾಹಿತಿ ಫೋನಿಗೆ ಕಳಿಸುವ ಪುಟ್ಟ ಸಾಧನ) ಹಾಕಿ ಫೋನಿನಲ್ಲಿ ನೋಡಿದ್ರೆ ಪಕ್ಕಾ ಸಿಗ್ತದಲ್ವಾ?

ಪಕ್ಕಾ ಅಲ್ಲ, ಕೆಲವು ಸಲ ಕಾರಿನ ಡಿಸ್‌ಪ್ಲೇಗಿಂತಲೂ ದೂರ ಹೋಗ್ತದೆ. ತುಂಬ ಆ್ಯಪ್‌ಗಳಿಗೆ ಇಂಜೆಕ್ಟರಿನ ಲೆಕ್ಕ ಸಿಗೂದಿಲ್ಲ, ಇಂಜಿನ್ ಎಷ್ಟು ಗಾಳಿ ಎಳೆದುಕೊಂಡಿತು ಅಂತ ನೋಡಿ ಅದನ್ನು 14.7ರಿಂದ ಭಾಗಿಸಿ ಪೆಟ್ರೋಲ್ ಇಷ್ಟು ಅಂತ ಹೇಳ್ತವೆ. 14.7 ಕೆಜಿ ಗಾಳಿಗೆ 1 ಕೆಜಿ ಅನ್ನೂದು ಶುದ್ಧ ಪೆಟ್ರೋಲಿನ ಲೆಕ್ಕ. ಇ20ಗೆ ಅದು 13.5ರ ಹತ್ತಿರ, ಅಂದ್ರೆ ಅಷ್ಟೇ ಗಾಳಿಗೆ ನಿಜವಾಗಿ ಹೋಗೂದು ಎಂಟೊಂಬತ್ತು ಪರ್ಸೆಂಟಿನಷ್ಟು ಹೆಚ್ಚು, ಆ್ಯಪ್ಪಿಗೆ ಅದು ಕಾಣೂದೇ ಇಲ್ಲ. ಕಾರಿನ ಸ್ವಂತ ಡಿಸ್‌ಪ್ಲೇಗೆ ಕಾಣ್ತದೆ, ಯಾಕೆಂದ್ರೆ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಹೇಳಿದ ಹಾಗೆ ಇಂಜೆಕ್ಟರ್ ಹೆಚ್ಚು ಹೊತ್ತು ತೆರೀತದೆ, ಆ ಹೊತ್ತು ಲೆಕ್ಕಕ್ಕೆ ಬರ್ತದೆ. ಆ್ಯಪ್ಪಿನಲ್ಲಿ ತಿದ್ದುವ ಸೆಟ್ಟಿಂಗ್ ಇದ್ರೆ ನಾಲ್ಕು ಟ್ಯಾಂಕಿನ ಲೆಕ್ಕ ನೋಡಿ ತಿದ್ದಿ.

ಡಿಸ್‌ಪ್ಲೇಯನ್ನು ಸರಿ ಮಾಡಿಸ್ಲಿಕ್ಕೆ ಆಗ್ತದಾ?

ಕೆಲವು ಜರ್ಮನ್ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಪರ್ಸೆಂಟ್ ತಿದ್ದುವ ಜಾಗ ಉಂಟು. ನನ್ನ ಕಾರಿಗೆ ಸರ್ವಿಸ್‌ನವರು ಇಲ್ಲ ಅಂದ್ರು. ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಡಿಸ್‌ಪ್ಲೇ ಭಾಗಿಸು 1.06" ಅಂತ ಬರೆದಿಟ್ಟಿದ್ದೇನೆ, ಅದಕ್ಕೆ ಖರ್ಚಿಲ್ಲ.

ಮೈಲೇಜ್ ಒಮ್ಮೆಲೇ ಬಿತ್ತು. ಪ್ಲಗ್, ಫಿಲ್ಟರ್, ಇಂಜೆಕ್ಟರ್, ಯಾವುದನ್ನು ಬದಲಾಯಿಸೂದು?

ಯಾವುದನ್ನೂ ಬದಲಾಯಿಸುವ ಮೊದಲು ಎರಡು ಅಂಕಿ ನೋಡಿ, ಡಿಸ್‌ಪ್ಲೇಯದ್ದು ಮತ್ತು ಬಂಕಿನ ಬಿಲ್ಲಿನದ್ದು. ಎರಡೂ ಒಟ್ಟಿಗೆ ಬಿದ್ದು ಅವುಗಳ ನಡುವಿನ ಪರ್ಸೆಂಟ್ ಮೊದಲಿನಷ್ಟೇ ಇದ್ರೆ ಕಾರು ನಿಜವಾಗಿಯೂ ಹೆಚ್ಚು ಕುಡೀತಾ ಉಂಟು, ಟೈರಿನ ಗಾಳಿ, ಬ್ರೇಕ್, ಥರ್ಮೋಸ್ಟ್ಯಾಟ್, ಆಕ್ಸಿಜನ್ ಸೆನ್ಸರ್ ಕಡೆ ಹುಡುಕಿ. ಡಿಸ್‌ಪ್ಲೇ ಹಾಗೇ ಇದ್ದು ಬಿಲ್ಲಿನ ಲೆಕ್ಕ ಮಾತ್ರ ಬಿದ್ರೆ ಪೆಟ್ರೋಲ್ ಲೆಕ್ಕಕ್ಕೆ ಸಿಗದೆ ಹೋಗ್ತಾ ಉಂಟು: ಬಂಕಿನ ಅಳತೆ, ಇಲ್ಲದಿದ್ರೆ ಎಲ್ಲೋ ಸೋರಿಕೆ. ಏರ್ ಫಿಲ್ಟರ್ ಬಗ್ಗೆ ಒಂದು ಮಾತು, ಇಂಜೆಕ್ಷನ್ ಕಾರಿನಲ್ಲಿ ಕೊಳೆ ಫಿಲ್ಟರಿಂದ ಎಳೆತ ಕಡಿಮೆ ಆಗ್ತದೆ, ಮೈಲೇಜಿಗೆ ಅಂಥ ಪೆಟ್ಟು ಬೀಳೂದಿಲ್ಲ, ಅದನ್ನು ಕಾರ್ಬುರೇಟರ್ ಕಾಲದಿಂದ ಹೇಳ್ಕೊಂಡು ಬಂದದ್ದು.

ಒಂದು ಮಳೆಗಾಲ, ಆಟಿ ತಿಂಗಳು, ನನ್ನ ಕಾರು ಎಂಟು ಹತ್ತು ದಿವಸ ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಂತಿತ್ತು, ಆಮೇಲಿನ ಟ್ಯಾಂಕಿನಲ್ಲಿ 20 ಇದ್ದದ್ದು 17.5 ಆಯ್ತು. ಗ್ಯಾರೇಜಿನಲ್ಲಿ ಇಂಜೆಕ್ಟರ್ ಕ್ಲೀನಿಂಗ್ ಅಂತ ದೊಡ್ಡ ಎಸ್ಟಿಮೇಟ್ ಕೊಟ್ರು. ನಾನು ಹೊರಗೆ ಬಂದು ನೋಟ್‌ಬುಕ್ ತೆಗೆದು ನೋಡಿದೆ, ಡಿಸ್‌ಪ್ಲೇ ಕೂಡಾ 21.2ರಿಂದ 18.6ಕ್ಕೆ ಇಳಿದಿತ್ತು, ಭಾಗಿಸಿದ್ರೆ ಅದೇ 1.06. ಹಾಗಾದ್ರೆ ಪೆಟ್ರೋಲಿನ ಲೆಕ್ಕ ತಪ್ಪಿಲ್ಲ, ಇಂಜೆಕ್ಟರ್ ಮೊದಲಿನ ಹಾಗೇ ಬಿಡ್ತಾ ಉಂಟು, ಕಾರನ್ನು ಎಂತದೋ ಹಿಡಿದು ಎಳೀತಾ ಉಂಟು. ಮುಳ್ಳೇರಿಯಾಕ್ಕೆ ಹೋಗಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಹಿಂದಿನ ಎಡಬದಿಯ ಡ್ರಮ್ ಮಾತ್ರ ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಅರ್ಧದಲ್ಲೇ ಸಿಕ್ಕಿಬಿದ್ದಿತ್ತು. ಕೇಬಲ್ ಬದಲಾಯಿಸಿದ ಮೇಲಿನ ಟ್ಯಾಂಕ್, ಬಿಲ್ಲಿನಲ್ಲಿ 19.9, ಡಿಸ್‌ಪ್ಲೇಯಲ್ಲಿ 21.1.